ಹಟ್ಟೆಸ್ಟಾಡ್ ದಾಖಲೆ ಲೆಕ್ಕಕ್ಕೆ ಯಾಕೆ ಹೊಂದುತ್ತಿಲ್ಲ?

ಗೊಂದಲಕ್ಕೆ ಕಾರಣ ಬಹುಶಃ ಜಾವೆಲಿನ್ನೇ, ಅಂದರೆ ಎಸೆಯುವ ಭರ್ಜಿಯೇ. ಪೂರ್ವ ಜರ್ಮನಿಯ ಪೆಟ್ರಾ ಫೆಲ್ಕೆ 1988ರಲ್ಲೇ 80.00 ಮೀಟರ್ ಎಸೆದಿದ್ದರೂ ನಾರ್ವೆಯ ಎಸೆತಗಾರ್ತಿ ಟ್ರಿನೆ ಹಟ್ಟೆಸ್ಟಾಡ್ ಅವರ 69.48 ಮೀಟರ್ 2000ರಲ್ಲಿ ವಿಶ್ವದಾಖಲೆ ಆಗಿದ್ದು ಹೇಗೆ ಅಂತ ತಾನೇ ನಿಮ್ಮ ಪ್ರಶ್ನೆ? 1999ರಲ್ಲಿ ಮಹಿಳೆಯರ ಜಾವೆಲಿನ್ ಬದಲಾಯಿತು. ತೂಕ ಅದೇ 600 ಗ್ರಾಂ, ಆದರೆ ಭಾರದ ಕೇಂದ್ರ ಮುಂದಕ್ಕೆ ಸರಿಯಿತು. ಹಾಗಾಗಿ ಮೂತಿ ಬೇಗ ಬಾಗುತ್ತದೆ, ಗಾಳಿಯಲ್ಲಿ ತೇಲುವುದು ಕಡಿಮೆ. ದಾಖಲೆಗಳನ್ನೂ ಹೊಸದಾಗಿ ಶುರು ಮಾಡಿದರು.

ಮೊದಲು ಹಟ್ಟೆಸ್ಟಾಡ್ ಅವರ ಎಸೆತಗಳನ್ನು 1999ಕ್ಕೆ ಎರಡು ಭಾಗ ಮಾಡಿ. ಹಳೆಯದನ್ನು ಫೆಲ್ಕೆ ಜೊತೆ, ಹೊಸದನ್ನು ಜೆಕ್ ಎಸೆತಗಾರ್ತಿ ಬಾರ್ಬೊರಾ ಶ್ಪೊಟಾಕೊವಾ 2008ರಲ್ಲಿ ಎಸೆದ ವಿಶ್ವದಾಖಲೆಯ 72.28 ಮೀಟರ್ ಜೊತೆ ಹೋಲಿಸಿ. ಇಷ್ಟು ಮೀಟರ್ ಕಳೆದರೆ ಸರಿಹೋಗುತ್ತೆ ಅಂತ ಖಚಿತವಾಗಿ ಹೇಳಲಾಗದು, ವ್ಯತ್ಯಾಸ ಒಬ್ಬೊಬ್ಬರಿಗೆ ಒಂದೊಂದು ಥರ. ಎರಡೂ ಕಾಲವನ್ನು ಒಟ್ಟಿಗೆ ನೋಡಬೇಕಾದರೆ ಹಟ್ಟೆಸ್ಟಾಡ್ ಗೆದ್ದ ಪದಕ ನೋಡಿ: 1993, 1997ರ ವಿಶ್ವ ಚಾಂಪಿಯನ್‌ಶಿಪ್ ಚಿನ್ನ, 2000ರ ಸಿಡ್ನಿ ಒಲಿಂಪಿಕ್ಸ್ ಚಿನ್ನ.