ಗಾಂಜಾ ಕೇಸಿನಲ್ಲಿ ಜಪ್ತಾದ ಲಾರಿ

ಪ್ರಶ್ನೆ: ಚಾಲಕ ನನ್ನ ಲಾರಿಯಲ್ಲಿ ಗಾಂಜಾ ಸಾಗಿಸಿ ಸಿಕ್ಕಿಬಿದ್ದಿದ್ದಾನೆ. ನಾನು ಆರೋಪಿಯಲ್ಲ. ಲಾರಿ ಠಾಣೆಯಲ್ಲಿ ತುಕ್ಕು ಹಿಡಿಯುತ್ತಿದೆ, ಸಾಲದ ಕಂತು ನಿಂತಿಲ್ಲ. ಬಿಡಿಸಿಕೊಳ್ಳಬಹುದೇ?

ಉತ್ತರ: ಬಿಡಿಸಿಕೊಳ್ಳಬಹುದು. ಆರ್‌ಸಿ, ವಿಮೆ, ಸಾಲದ ಪತ್ರಗಳೊಂದಿಗೆ ವಿಶೇಷ ನ್ಯಾಯಾಲಯಕ್ಕೆ ಮಧ್ಯಂತರ ಬಿಡುಗಡೆಯ ಅರ್ಜಿ ಹಾಕಿ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆ ಇದಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಅಸ್ಸಾಮಿನ ಲಾರಿಯೊಂದರ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ವಿಧಿಸಿದ ಷರತ್ತು: ವಾಹನದ ವಿಡಿಯೊ, ಫೋಟೊ ದಾಖಲಾಗಬೇಕು, ವಿಚಾರಣೆ ಮುಗಿಯುವವರೆಗೆ ಮಾರುವಂತಿಲ್ಲ, ಕೋರ್ಟ್ ಕೇಳಿದರೆ ವಾರದೊಳಗೆ ಒಪ್ಪಿಸಬೇಕು.

ಅಂತಿಮ ಮುಟ್ಟುಗೋಲಿನದೇ, ಅಂದರೆ ಲಾರಿ ಕಾಯಂ ಆಗಿ ಸರ್ಕಾರದ ಪಾಲಾಗುವುದೇ, ನಿಜವಾದ ತೊಡಕು. ಅದೇ ಕಾಯ್ದೆಯ ಕಲಂ 60(3)ರಂತೆ ನಿಮಗಷ್ಟೇ ಅಲ್ಲ, ವಾಹನದ ಉಸ್ತುವಾರಿ ಹೊತ್ತವನಿಗೂ (ಇಲ್ಲಿ ಚಾಲಕನಿಗೂ) ವಿಷಯ ಗೊತ್ತಿರಲಿಲ್ಲ, ಇಬ್ಬರೂ ಸಾಕಷ್ಟು ಎಚ್ಚರ ವಹಿಸಿದ್ದರು ಎಂದು ನೀವೇ ಸಾಬೀತುಪಡಿಸಬೇಕು. ಚಾಲಕನೇ ತಪ್ಪಿತಸ್ಥನಾದರೆ ಅಮಾಯಕ ಮಾಲೀಕ ಹೇಗೆ ಪಾರಾಗಬೇಕು? ಇದು ಅನ್ಯಾಯ, ತಿದ್ದುಪಡಿಯಾಗಲೇಬೇಕು. ಸದ್ಯಕ್ಕೆ ಜಿಪಿಎಸ್ ದಾಖಲೆ, ಲೋಡಿನ ಬಿಲ್ಲು, ಚಾಲಕನ ನೇಮಕದ ಕಾಗದ ಜೋಪಾನವಾಗಿಡಿ. ಆರೋಪಿ ಖುಲಾಸೆಯಾದರೂ ಮುಟ್ಟುಗೋಲಿನ ತೀರ್ಮಾನ ಪ್ರತ್ಯೇಕ.