‘ತಮ್ಮನಿಗೆ ಮಾತ್ರ ಎರಡು ಚಕ್ಕುಲಿ!’

ಓದುಗರ ಪತ್ರ: ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಎದ್ದಾಗಿನಿಂದ ಮಲಗುವವರೆಗೂ ಬರೀ ದೂರು. ದೋಸೆ ತಣ್ಣಗಾಗಿದೆ, ಶೂ ಕಚ್ಚುತ್ತೆ, ತಮ್ಮನಿಗೆ ಮಾತ್ರ ಎರಡು ಚಕ್ಕುಲಿ ಕೊಟ್ರಿ. ಶಾಲೆಗೆ ಹೊರಟರೆ ಹೊಟ್ಟೆನೋವು. ಬೈದರೆ ಅಳು, ಸುಮ್ಮನಿದ್ದರೆ ರಾಗ ಇನ್ನೂ ಜೋರು. ಕೊನೆಗೆ ನಮ್ಮತ್ತೆ ಮೊಬೈಲ್ ಕೊಟ್ಟು ಸಮಾಧಾನ ಮಾಡುತ್ತಾರೆ. ನಾನು ಬೆಳೆಸಿದ್ದೇ ಸರಿಯಿಲ್ಲವೇ?
– ಒಬ್ಬ ತಾಯಿ, ಶಿವಮೊಗ್ಗ

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಾಗೇನೂ ಇಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಸೂಕ್ಷ್ಮ. ಸಾಕ್ಸಿನ ಹೊಲಿಗೆಯೂ ಅವರಿಗೆ ಚುಚ್ಚುತ್ತದೆ. ಅದೇ ಮನೆಯಲ್ಲಿ ಬೆಳೆದ ತಮ್ಮನಿಗೆ ಅದು ಗೊತ್ತೇ ಆಗುವುದಿಲ್ಲ.

ನಿಮ್ಮ ಪಟ್ಟಿಯಲ್ಲಿರುವ ದೂರುಗಳೆಲ್ಲ ಒಂದೇ ಥರದವಲ್ಲ. ಶೂ ನಿಜಕ್ಕೂ ಕಚ್ಚುತ್ತಿರಬಹುದು. ಶೂ ಹಾಕಿಸಿ ನಿಲ್ಲಿಸಿ, ಮುಂದಿನ ತುದಿಯನ್ನು ಒತ್ತಿ ನೋಡಿ. ಹೆಬ್ಬೆರಳಿನ ಮುಂದೆ ನಿಮ್ಮ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಇರಬೇಕು. ಜೂನ್‌ನಲ್ಲಿ ತಂದ ಶೂ ಸಂಕ್ರಾಂತಿ ಹೊತ್ತಿಗೆ ಬಿಗಿಯಾಗುವ ವಯಸ್ಸು ಅದು.

ಹೊಟ್ಟೆನೋವನ್ನೂ ನಾಟಕ ಅನ್ನಬೇಡಿ. ಹೆದರಿಕೆಯಿಂದ ಬರುವ ಹೊಟ್ಟೆನೋವೂ ನಿಜವಾದ ನೋವೇ. ಇನ್ನೊಂದು ಕಾರಣ ತುಂಬಾ ಸಾಮಾನ್ಯ, ಆದರೆ ಯಾರೂ ಕೇಳುವುದಿಲ್ಲ: ಶಾಲೆಯ ಶೌಚಾಲಯ ಗಲೀಜಾಗಿದ್ದರೆ ಮಕ್ಕಳು ದಿನವಿಡೀ ತಡೆದುಕೊಂಡಿರುತ್ತಾರೆ, ಮಲಬದ್ಧತೆ ಶುರುವಾಗುತ್ತದೆ. ‘ಸ್ಕೂಲಲ್ಲಿ ಬಾತ್‌ರೂಮಿಗೆ ಹೋಗ್ತೀಯಾ?’ ಅಂತ ಒಮ್ಮೆ ಕೇಳಿ. ಪಕ್ಕದಲ್ಲಿ ಯಾರು ಕೂರುತ್ತಾರೆ, ಯಾರ ಭಯ ಇದೆ ಅಂತಲೂ ಕೇಳಿ. ರಾತ್ರಿ ನೋವಿಗೆ ಎಚ್ಚರವಾದರೆ, ಜ್ವರ, ವಾಂತಿ ಇದ್ದರೆ, ತೂಕ ಇಳಿಯುತ್ತಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ನಿದ್ದೆಯನ್ನೂ ಲೆಕ್ಕ ಹಾಕಿ. ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ಹತ್ತೂವರೆಗೆ ಮಲಗಿ ಆರಕ್ಕೆ ಏಳುವ ಮಗುವಿಗೆ ಯಾವ ದೋಸೆಯೂ ರುಚಿಸುವುದಿಲ್ಲ.

ಉಳಿದದ್ದು ದೋಸೆ, ಚಕ್ಕುಲಿ. ಇಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ‘ಕೊನೆಗೆ’ ಸಿಗುವ ಆ ಮೊಬೈಲ್. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕುಕ್ಕಿದಾಗಲೆಲ್ಲ ಕಾಳು ಸಿಕ್ಕ ಹಕ್ಕಿ, ಕಾಳು ನಿಂತರೆ ಬೇಗ ಸುಮ್ಮನಾಗುತ್ತದೆ. ಯಾವಾಗಲೋ ಒಮ್ಮೆ ಸಿಕ್ಕ ಹಕ್ಕಿ ಮಾತ್ರ ಕುಕ್ಕುತ್ತಲೇ ಇರುತ್ತದೆ. (ಮಗಳನ್ನು ಹಕ್ಕಿಯ ಜೊತೆ ಸೇರಿಸಿದೆ ಅಂತ ಬೇಜಾರು ಬೇಡ. 2007ರಲ್ಲಿ ನಿಷೇಧ ಆಗುವ ತನಕ ಲಾಟರಿ ಅಂಗಡಿ ಮುಂದೆ ದೊಡ್ಡವರೂ ಮಾಡುತ್ತಿದ್ದದ್ದು ಇದನ್ನೇ.) ಒಂಬತ್ತು ಸಲ ಬೈದು ಹತ್ತನೇ ಸಲ ಕೊಟ್ಟರೆ, ಹತ್ತು ಸಲ ಅಳಬೇಕು ಅಂತ ನಾವೇ ಹೇಳಿಕೊಟ್ಟ ಹಾಗೆ. ಕೊಡುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ರಗಳೆ ಜಾಸ್ತಿಯೇ ಆಗುತ್ತದೆ. ಹೆಚ್ಚಿನ ಮನೆಗಳು ಸೋಲುವುದು ಅಲ್ಲೇ.

ವಾದಕ್ಕಂತೂ ಇಳಿಯಬೇಡಿ. ‘ಬಿಸಿಯಾಗೇ ಇದೆ, ಸುಮ್ನೆ ತಿನ್ನು’ ಅಂದರೆ ಅವಳು ತಣ್ಣಗಿದೆ ಅಂತ ಸಾಧಿಸಲು ನಿಲ್ಲುತ್ತಾಳೆ. ‘ತಣ್ಣಗಾಯ್ತಾ? ಬಿಸಿ ಬೇಕಿದ್ರೆ ತಟ್ಟೆ ತಗೊಂಡು ಇಲ್ಲಿಗೆ ಬಾ’ ಅನ್ನಿ. ಬಂದರೆ ಹಾಕಿಕೊಡಿ, ಬರದಿದ್ದರೆ ನಿಮ್ಮ ಕೆಲಸ ನೀವು ಮಾಡಿಕೊಳ್ಳಿ. ಚಕ್ಕುಲಿಗೂ ಅಷ್ಟೇ. ‘ನಿನಗೂ ಇನ್ನೊಂದು ಬೇಕಿತ್ತಾ? ಬೇಕು ಅಂತ ಕೇಳು, ಕೊಡ್ತೀನಿ.’ ಅವಳು ನೆಟ್ಟಗೆ ಕೇಳಿದ ಕೂಡಲೇ ಕೊಡಬೇಕು, ಇದು ಮುಖ್ಯ. ಕೇಳಿದ್ದನ್ನೆಲ್ಲ ಕೊಡಲಾಗದು, ನಿಜ. ಆಗ ‘ಇವತ್ತು ಆಗಲ್ಲ’ ಅಂತ ಒಂದೇ ಸಲ ಹೇಳಿ, ಆಮೇಲೆ ಮಾತು ಬದಲಿಸಬೇಡಿ. ‘ನಮ್ಮ ಕಾಲದಲ್ಲಿ ದೋಸೆ ಹಬ್ಬಕ್ಕೆ ಮಾತ್ರ’ ಅನ್ನುವ ಭಾಷಣ ಮಾತ್ರ ಬೇಡ. ನನ್ನ ಪ್ರಕಾರ ಅದೂ ಒಂದು ದೂರೇ.

‘ಅಳುಮುಂಜಿ’ ಅಂತ ಕರೆಯುವ ಮನೆಗಳಿವೆ. ಅದನ್ನು ನಾನು ಒಪ್ಪುವುದಿಲ್ಲ. ಬಾಯಿ ತೆರೆದಾಗಲೆಲ್ಲ ಬೈಸಿಕೊಂಡ ಮಗು, ನಾಳೆ ಆಟೋದಲ್ಲೋ ಟ್ಯೂಷನ್ನಿನಲ್ಲೋ ಯಾರಾದರೂ ತೊಂದರೆ ಕೊಟ್ಟರೆ ನಿಮ್ಮ ಹತ್ತಿರ ಬಂದು ಹೇಳೀತೇ? ಚಿಕ್ಕಪುಟ್ಟ ದೂರಿಗೆ ಕಿವಿ ಕೊಡಬೇಕಾದದ್ದು ಇದಕ್ಕೇ. ಇಷ್ಟದ ಆಟ, ಊಟ, ಗೆಳತಿಯರು ಯಾವುದೂ ಬೇಡವಾಗಿ ವಾರಗಟ್ಟಲೆ ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಅತ್ತೆ. ಮೊಮ್ಮಗಳ ಅಳು ನೋಡಲಾಗದೆ ಕೊಡುತ್ತಾರೆ, ಪಾಪ. ಅವರ ಜೊತೆ ಜಗಳ ಬೇಡ. ಸಂಜೆ ಹಾಲು ಕುಡಿದ ಮೇಲೆ ಅರ್ಧ ಗಂಟೆ ಮೊಬೈಲ್ ಅಂತ ಗೊತ್ತು ಮಾಡಿ, ಅದನ್ನು ಅಜ್ಜಿಯೇ ಕೊಡಲಿ. ಅತ್ತರೂ ಅಷ್ಟೇ, ಅಳದಿದ್ದರೂ ಅಷ್ಟೇ. ಅಂದಹಾಗೆ, ಪತ್ರದಲ್ಲಿ ನಿಮ್ಮ ಯಜಮಾನರ ಸುದ್ದಿಯೇ ಇಲ್ಲವಲ್ಲ! ಇದನ್ನು ಅವರಿಗೂ ಓದಿ ಹೇಳಿ. ಇಲ್ಲದಿದ್ದರೆ ಅಜ್ಜಿಯ ಮೊಬೈಲ್ ನಿಂತ ದಿನವೇ ಅಪ್ಪನ ಮೊಬೈಲ್ ಶುರುವಾಗುತ್ತದೆ.