ಸಂಪಾದಕರ ಉತ್ತರ: ಕರಾವಳಿಗೆ ನಾವು ಕೊಟ್ಟ ಒಂದೇ ಒಂದು ವಾಕ್ಯ

ಕಳೆದ ಸಂಚಿಕೆಯಲ್ಲಿ ಸಂತ ಜೋಸೆಫ್ ವಾಜ್ ಅವರ ಬಗ್ಗೆ ಬಂದ ಲೇಖನ ಓದಿ ಕುಂದಾಪುರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅವರನ್ನು ಶ್ರೀಲಂಕಾದ ಅಪೊಸ್ತಲರೆಂದು ಹೊಗಳಿದಿರಿ, ನಮ್ಮ ಕರಾವಳಿಗೆ ಒಂದೇ ವಾಕ್ಯ ಕೊಟ್ಟಿರಿ. ನಮ್ಮ ಅಜ್ಜಿ ದಿನಾ ಸಂಜೆ ಜಪಮಾಲೆ ಮುಗಿದ ಮೇಲೆ ಅವರ ಹೆಸರು ಹಿಡಿಯುತ್ತಿದ್ದರು. ಇಲ್ಲಿ ಮೂರೇ ವರ್ಷ ಇದ್ದವರನ್ನು ಯಾಕೆ ಇಷ್ಟು ನೆನೆಯುತ್ತೇವೆ? ಎರಡನೇ ಪವಾಡವಿಲ್ಲದೆ ಸಂತರಾದದ್ದು ಹೇಗೆ? ಕ್ಯಾಂಡಿಗೆ ಹೋದರೆ ಸಮಾಧಿ ನೋಡಬಹುದೇ?"

ಮಾನ್ಯರೇ, ಮೊದಲನೆಯದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಲಂಕೆಯಲ್ಲಿ ಅವರು ಮಾಡಿದ್ದು ಅರ್ಥವಾಗಬೇಕಾದರೆ ಕರಾವಳಿಯಿಂದಲೇ ಶುರುಮಾಡಬೇಕಿತ್ತು.

1651ರಲ್ಲಿ ಗೋವೆಯ ಬೆಣಾವ್ಲಿಯಲ್ಲಿ ಹುಟ್ಟಿದ ವಾಜ್ 1676ರಲ್ಲಿ ಗುರುದೀಕ್ಷೆ ಪಡೆದು ಪಾದ್ರಿಯಾದರು, 1681ರಲ್ಲಿ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಬಂದರು. ಆಗ ಇಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಅದಕ್ಕೆ ಸುಮಾರು ಮೂವತ್ತು ವರ್ಷ ಹಿಂದೆಯೇ ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ಹಿಡಿದಿದ್ದ. ಚರ್ಚುಗಳು ಹಾಳುಬಿದ್ದಿದ್ದವು, ಗುರುಗಳ ಸಂಖ್ಯೆ ತೀರಾ ಕಡಿಮೆ. ಅದರ ಮೇಲೆ ಒಂದು ಒಳಜಗಳ ಬೇರೆ. ಈ ಸೀಮೆ ಗೋವೆಯ ಪೋರ್ಚುಗೀಸ್ ಪದ್ರುವಾದೊ (ಚರ್ಚಿನ ಆಡಳಿತಕ್ಕೆ ಪೋರ್ಚುಗಲ್ ದೊರೆಗೆ ಪೋಪರು ಕೊಟ್ಟಿದ್ದ ಹಕ್ಕು) ಅಧಿಕಾರಕ್ಕೆ ಸೇರಿದ್ದೋ, ರೋಮ್ ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದಿ ಕಾಸ್ತ್ರೊ ಅವರಿಗೆ ಸೇರಿದ್ದೋ? ದೊಡ್ಡವರ ಈ ಹಗ್ಗಜಗ್ಗಾಟದಲ್ಲಿ ಸಿಕ್ಕಿಬಿದ್ದವರು ಬಡ ಕ್ರೈಸ್ತರು. ಯಾರಿಂದ ಸಂಸ್ಕಾರ ಪಡೆದರೆ ಸಿಂಧು, ಯಾರಿಂದ ಅಸಿಂಧು ಎಂಬುದೇ ಅವರಿಗೆ ತಿಳಿಯದಾಗಿತ್ತು.

ವಾಜ್ ಗೋವೆಯ ಕಡೆಯಿಂದ ಬಂದವರು. ತಮ್ಮ ಕಡೆಯ ವಾದ ಗೆಲ್ಲಿಸುವುದಕ್ಕಿಂತ ಜನರ ಮನಸ್ಸಿನ ಗೊಂದಲ ಕಳೆಯುವುದು ಅವರಿಗೆ ಮುಖ್ಯವಾಯಿತು. ಬರಿಗಾಲಲ್ಲಿ ಊರೂರು ಸುತ್ತಿದರು. ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರುಗಳಲ್ಲಿ ಚದುರಿದ್ದವರನ್ನು ಕೂಡಿಸಿದರು, ಶಾಲೆ ತೆರೆದರು, ಭಕ್ತರ ಸಂಘ ಕಟ್ಟಿದರು. 1684ರಲ್ಲಿ ಗೋವೆಗೆ ಮರಳಿದರು. ಅವರ ಕರಾವಳಿಯ ಕೆಲಸ ಇಷ್ಟೇ. ಆದರೆ ಗುರುವಿಲ್ಲದ ಊರು ಹೇಗಿರುತ್ತದೆ, ತಾನು ಹೊರಟುಹೋದ ಮೇಲೂ ಅದು ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಏನು ಮಾಡಬೇಕು ಎಂಬುದನ್ನು ಅವರು ಕಲಿತದ್ದು ಇಲ್ಲಿಯೇ ಎಂದು ನನ್ನ ಗಟ್ಟಿ ನಂಬಿಕೆ.

ಲಂಕೆಯಲ್ಲಿ ಕಂಡದ್ದೂ ಅದೇ ಸ್ಥಿತಿ, ಇನ್ನೂ ಘೋರವಾಗಿ. 1658ರಲ್ಲಿ ಡಚ್ಚರು ಜಾಫ್ನಾ ಹಿಡಿದ ಮೇಲೆ ಕಥೋಲಿಕ ಗುರುಗಳಿಗೆ ಅಲ್ಲಿ ಜಾಗವಿರಲಿಲ್ಲ, ಬಲಿಪೂಜೆ (ಮಾಸ್) ನಿಷಿದ್ಧ. 1687ರಲ್ಲಿ ವಾಜ್ ಕೂಲಿಯವನ ವೇಷದಲ್ಲಿ, ಜೊತೆಗಾರ ಜಾನ್‌ನನ್ನು ಕರೆದುಕೊಂಡು ಸಮುದ್ರ ದಾಟಿದರು. ಇಳಿದ ಹೊತ್ತಿಗೆ ಆಮಶಂಕೆಯಿಂದ ನಿತ್ರಾಣರಾಗಿದ್ದರು. ಯಾರು ಕ್ರೈಸ್ತರು ಎಂದು ಬಾಯಿಬಿಟ್ಟು ಕೇಳಿದರೆ ಅವರಿಗೂ ಅಪಾಯ, ತನಗೂ ಅಪಾಯ. ಹಾಗಾಗಿ ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು, ಮನೆಯವರ ಕಣ್ಣು ಎಲ್ಲಿ ನೆಡುತ್ತದೆ ಎಂದು ನೋಡಿದರು. ಆ ಮಣಿಸರದ ಗುರುತು ಹಿಡಿಯಬಲ್ಲವರು ಇಪ್ಪತ್ತೊಂಬತ್ತು ವರ್ಷ ಗುಟ್ಟಾಗಿ ಪ್ರಾರ್ಥಿಸಿಕೊಂಡು ಬಂದವರೇ ಆಗಿರಬೇಕಲ್ಲ! ಈ ಭಾಗ ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಗುರು ಜನರನ್ನು ಹುಡುಕಿದ್ದೋ, ಜನ ಗುರುವನ್ನು ಕಂಡುಕೊಂಡದ್ದೋ, ಹೇಳುವುದು ಕಷ್ಟ.

1692ರಲ್ಲಿ, ಡಚ್ಚರ ಕೈಗೆ ಸಿಗದೆ ಉಳಿದಿದ್ದ ಒಳನಾಡಿನ ರಾಜ್ಯ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. ಸೆರೆಯಲ್ಲೇ ಸಿಂಹಳ ಕಲಿತರು. ಮುಂದೆ ಅವರಿಗೆ ಆಶ್ರಯ ಕೊಟ್ಟವನು ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯನೇ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಉಳ್ಳವರು ಊರು ಬಿಟ್ಟರು, ರೋಗಿಗಳು ಅನಾಥರಾದರು. ವಾಜ್ ಮತ್ತು ಅವರ ಸೋದರಳಿಯ, ಗುರು ಜೋಸೆಫ್ ಕಾರ್ವಾಲೊ, ಉಳಿದುಕೊಂಡರು. ಕೀವು ಒರೆಸಿದರು, ಉಣಿಸಿದರು, ಸತ್ತವರನ್ನು ಹೂಳಿದರು. ಯಾವ ಧರ್ಮದವರೆಂದು ಕೇಳಲಿಲ್ಲ.

ಕರಾವಳಿಯಲ್ಲಿ ಕಲಿತದ್ದು ಇಲ್ಲಿ ಫಲ ಕೊಟ್ಟಿತು. ಪ್ರತಿ ಊರಲ್ಲೂ ಮುಪ್ಪು, ಅಣ್ಣಾವಿ ಎಂಬ ಗೃಹಸ್ಥ ಮುಂದಾಳುಗಳು ಗುರು ಇಲ್ಲದಾಗ ಪ್ರಾರ್ಥನೆ ನಡೆಸುತ್ತಿದ್ದರು, ಸಾಯುವವರ ಪಕ್ಕ ಕೂರುತ್ತಿದ್ದರು. ನಿಮ್ಮ ಚರ್ಚಿನ ವಾಡೆಗಳ ಮುಂದಾಳುಗಳಾದ ಗುರ್ಕಾರರನ್ನು ನೆನೆಸಿಕೊಳ್ಳಿ, ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗೋವೆಯಿಂದ ಓರಟರಿ ಎಂಬ ಪಾದ್ರಿಗಳ ಸಂಘದ ಗುರುಗಳೂ ಬಂದು ಸೇರಿದರು. ಅವರಲ್ಲಿ ಜಾಕೋಮ್ ಗೊನ್ಸಾಲ್ವಿಸ್ ಸಿಂಹಳದಲ್ಲೂ ತಮಿಳಲ್ಲೂ ಪುಸ್ತಕ ಬರೆದರು. ಇವರೆಲ್ಲ ಯುರೋಪಿನಿಂದ ಬಂದವರಲ್ಲ, ನಮ್ಮ ಕೊಂಕಣಿ ಸೀಮೆಯವರು. ಬೆನ್ನಿಗೆ ಯಾವ ಸೈನ್ಯವೂ ಇರಲಿಲ್ಲ.

ಪವಾಡದ ಪ್ರಶ್ನೆಗೆ ಚಿಕ್ಕ ಉತ್ತರ. 1995ರಲ್ಲಿ ಕೊಲಂಬೊದಲ್ಲಿ ವಾಜ್ ಅವರನ್ನು ಪೋಪ್ ಎರಡನೇ ಜಾನ್ ಪಾಲ್ ಪುನೀತರೆಂದು ಸಾರಿದರು; ಇದು ಸಂತ ಪದವಿಯ ಹಿಂದಿನ ಮೆಟ್ಟಿಲು. ಸಂತ ಪದವಿಗೆ ವಾಡಿಕೆಯಂತೆ ಬೇಕಿದ್ದ ಎರಡನೇ ಪವಾಡದ ನಿಯಮವನ್ನು ಪೋಪ್ ಫ್ರಾನ್ಸಿಸ್ ಸಡಿಲಿಸಿ, 2015ರ ಜನವರಿ 14ರಂದು ಅದೇ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಹಾಗೆ ಸಡಿಲಿಸುವ ಅಧಿಕಾರ ಪೋಪರಿಗಿದೆ. ಬರಗಾಲದಲ್ಲಿ ವಾಜ್ ಅವರ ಪ್ರಾರ್ಥನೆಗೆ ಮಳೆ ಬಂತೆಂಬ ಕಥೆಯನ್ನು ಲಂಕೆಯವರು ಇಂದಿಗೂ ಹೇಳುತ್ತಾರೆ. ನನಗಂತೂ ಸಿಡುಬಿನ ವರ್ಷವೇ ಸಾಕು.

ಇನ್ನು ಸಮಾಧಿ. ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾದರು. ಆದರೆ ಆ ಜಾಗದ ಗುರುತು ಉಳಿದಿಲ್ಲ. ಅಷ್ಟು ದೂರ ಹೋಗಿ ಹುಡುಕಿ ಬೇಸರಪಡಬೇಡಿ. ಮಂಗಳೂರಿನ ಹತ್ತಿರ ಮುಡಿಪು ಗುಡ್ಡದ ಮೇಲೆ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಅಜ್ಜಿಯ ಜಪಮಾಲೆ ಮನೆಯಲ್ಲಿ ಇನ್ನೂ ಇದ್ದರೆ, ಜನವರಿ 16ರ ಹಬ್ಬಕ್ಕೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ.